ಮಿರಗ ಮಳೆಗೆ ನಾ ಎದ್ದಿರಬೇಕು: ಒಂದು ಗರ್ಭಚೀಲದ ಪ್ರಕರಣ

ಸೆಪ್ಟೆಂಬರ್ ತಿಂಗಳ ಒಂದು ಸೋಮವಾರ. ಕಲಬುರಗಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ನಾನು ಸ್ತ್ರೀರೋಗ ವೈದ್ಯೆ. ಸೋಮವಾರ ಗರ್ಭಿಣಿಯರ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿರುತ್ತದೆ. ಆ ಸಾಲಿನ ನಡುವೆ ಒಬ್ಬ ಗಂಡಸು ಬಂದು ಮೇಜಿನ ಮೇಲೆ ಫೈಲ್ ಇಟ್ಟ.

"ಚೀಲ ತೆಗೀಬೇಕಂತ ಹೇಳ್ಯಾರ್ರಿ. ಅಲ್ಲಿ ಭಾಳ ರೊಕ್ಕ ಕೇಳ್ತಾರ. ಇಲ್ಲಿ ಪುಕ್ಕಟ ಮಾಡ್ತೀರಂತ. ಸಹಿ ಎಲ್ಲಿ ಮಾಡ್ಬೇಕು ಹೇಳ್ರಿ."

ಅವನ ಹಿಂದೆ ಹೆಂಡತಿ ನಿಂತಿದ್ದಳು. ತಲೆ ಮೇಲೆ ಸೆರಗು, ಮುಖ ಬಿಳಿಚಿಕೊಂಡಿತ್ತು. ನಾನು ಫೈಲ್ ಓದಿದೆ, ಗಂಡನಿಗೆ ನಾಲ್ಕು ಪ್ರಶ್ನೆ ಕೇಳಿದೆ. ಅವನೇ ಉತ್ತರ ಹೇಳಿದ. ಎಷ್ಟು ದಿವಸ ರಕ್ತ ಹೋಗುತ್ತದೆ ಅನ್ನುವುದನ್ನೂ ಅವನನ್ನೇ ಕೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಪ್ರಕರಣದಲ್ಲಿ ತಪ್ಪು ಶುರುವಾಗಿದ್ದು ನನ್ನ ಮೇಜಿನ ಹತ್ತಿರವೇ.

ಇದನ್ನು ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದ ಹಾಗೆ ಹೆಸರು, ತಾಂಡಾ ಎಲ್ಲ ಬಿಟ್ಟಿದ್ದೇನೆ.

ಆಕೆಗೆ 39 ವರ್ಷ. ಮೂರು ಮಕ್ಕಳು. 23ನೇ ವಯಸ್ಸಿಗೇ ಮಕ್ಕಳಾಗದ ಆಪರೇಷನ್ ಆಗಿದೆ. ಎರಡು ಎಕರೆ ಒಣಭೂಮಿ, ಅದರಲ್ಲಿ ತೊಗರಿ. ರಾಶಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಯುಗಾದಿಗೆ ವಾಪಸ್ ಬರುತ್ತಾರೆ. ಎಂಟು ತಿಂಗಳಿಂದ ಮುಟ್ಟಿನಲ್ಲಿ ಎಂಟೊಂಬತ್ತು ದಿನ ರಕ್ತ ಹೋಗುತ್ತಿತ್ತು, ಗಡ್ಡೆ ಗಡ್ಡೆಯಾಗಿ. ಸ್ಕ್ಯಾನಿಂಗ್‌ನಲ್ಲಿ ಗರ್ಭಚೀಲ ಸ್ವಲ್ಪ ದೊಡ್ಡದಾಗಿ ಕಂಡಿತ್ತು, ಗೋಡೆಯಲ್ಲಿ 4 ಸೆಂ.ಮೀ. ಅಳತೆಯ ಒಂದು ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಹಿಮೋಗ್ಲೋಬಿನ್ 7.1. ಹೆಂಗಸರಿಗೆ 12 ಇರಬೇಕು.

ಮೊದಲು ಹೋಗಿದ್ದ ಖಾಸಗಿ ಆಸ್ಪತ್ರೆಯ ಚೀಟಿಯಲ್ಲಿ ಒಂದೇ ಸಾಲು: ಗರ್ಭಚೀಲ ಮತ್ತು ಎರಡೂ ಅಂಡಾಶಯ ತೆಗೆಯಬೇಕು. ಥೈರಾಯ್ಡ್ ಪರೀಕ್ಷೆ ಆಗಿರಲಿಲ್ಲ. ಗರ್ಭಚೀಲದ ಒಳಪದರದ ತುಣುಕು ತೆಗೆದು ನೋಡಿರಲಿಲ್ಲ. ರಕ್ತ ಇಷ್ಟು ಕಡಿಮೆ ಇದ್ದರೂ ಅದಕ್ಕೆ ಔಷಧಿ ಕೊಟ್ಟಿರಲಿಲ್ಲ. ಬಾಯಿಮಾತಿನಲ್ಲಿ ಮಾತ್ರ ಒಂದು ಹೇಳಿದ್ದರಂತೆ: "ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ."

ಆ ಚೀಟಿ ನೋಡಿ ನನಗೆ ಸಿಟ್ಟು ಬಂತು. ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಯಾವ ವೈದ್ಯೆಗೂ ಬರುತ್ತದೆ. 2015ರ ಸುಮಾರಿಗೆ ಇಲ್ಲಿಯ ತಾಂಡಾಗಳ ಬಡ ಹೆಂಗಸರ ಗರ್ಭಚೀಲವನ್ನು ಅನಗತ್ಯವಾಗಿ ತೆಗೆದ ಸುದ್ದಿ ಹೊರಬಂದು, ಆರೋಗ್ಯ ಇಲಾಖೆ ತನಿಖೆ ಮಾಡಿ, ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿಯೇ ರದ್ದಾಗಿತ್ತು. ಹೊಟ್ಟೆನೋವು, ಬಿಳಿ ಮುಟ್ಟು ಅಂತ ಹೋದ ಮೂವತ್ತರ ಆಸುಪಾಸಿನ ಹೆಂಗಸರಿಗೂ ಇದೇ ಕ್ಯಾನ್ಸರ್ ಭಯ ತೋರಿಸಿದ್ದರು. ದೇಶದ ಬೇರೆ ಕಡೆಯ ಇಂಥವೇ ಪ್ರಕರಣಗಳು ಅದಕ್ಕೂ ಮೊದಲೇ, 2013ರಲ್ಲಿ, ಸುಪ್ರೀಂ ಕೋರ್ಟ್ ಮುಟ್ಟಿದ್ದವು. ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಎಲ್ಲ ರಾಜ್ಯಗಳೂ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದು ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ನಾನು ಆ ದಿನ ಏನು ಮಾಡಿದೆ? "ಆಪರೇಷನ್ ಬೇಕಾಗಿಲ್ಲ" ಅಂದೆ. ಹಾರ್ಮೋನ್ ಇರುವ ವಂಕಿ (ಕಾಪರ್-ಟಿ ಥರದ ಸಣ್ಣ ಸಾಧನ) ಅಂತ ಒಂದಿದೆ, ಗರ್ಭಚೀಲದ ಒಳಗೆ ಹಾಕಿದರೆ ರಕ್ತಸ್ರಾವ ತುಂಬಾ ಕಡಿಮೆಯಾಗುತ್ತದೆ, ಅದನ್ನು ಹಾಕೋಣ, ಮುಂದಿನ ವಾರ ಬನ್ನಿ ಅಂದೆ. ಐದು ನಿಮಿಷ ಆಗಿರಬಹುದು. ಗಂಡ "ಆಯ್ತ್ರಿ" ಅಂದ. ಆಕೆ ತಲೆ ಆಡಿಸಿದಳು. ಕಬ್ಬಿಣದ ಮಾತ್ರೆ ಬರೆದುಕೊಟ್ಟೆ.

ಮುಂದಿನ ವಾರ ಅವರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮೂರು ವಾರ ಆದ ಮೇಲೆ ಆ ತಾಂಡಾದ ಆಶಾ ಕಾರ್ಯಕರ್ತೆ ಸಿಕ್ಕಾಗ ಕೇಳಿದೆ. ಅವರು ಹೇಳಿದ್ದು ಕೇಳಿ ಎದೆ ಧಸಕ್ ಅಂತು. ಕಾಲಿನ ಬೆಳ್ಳಿ ಕಡಗ ಒತ್ತೆ ಇಟ್ಟು, ಮೊದಲಿನ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಿಸಲು ದಿನ ಗೊತ್ತು ಮಾಡಿದ್ದರು. "ಸರ್ಕಾರಿ ದವಾಖಾನಿ ಬಾಯಾರು ತೆಗ್ಯಂಗಿಲ್ಲ ಅಂದ್ರು, ಏನೋ ಒಳಗ ಹಾಕ್ತೀನಂದ್ರು. ಅಕಿಗಿ ಅದು ಎದಿಗಿ ಏರ್ತದಂತ ಅಂಜಿಕಿ" ಅಂದರು ಆಶಾ ಅಕ್ಕ.

ಆ ಮಾತು ನನಗೆ ಬಹಳ ದಿನ ಕಾಡಿತು. ಅಲ್ಲಿಯ ವೈದ್ಯರು ಆಕೆಯನ್ನು ಕೇಳದೆ ತೆಗೆಯಲು ಹೊರಟಿದ್ದರು. ನಾನು ಆಕೆಯನ್ನು ಕೇಳದೆ ಉಳಿಸಲು ಹೊರಟಿದ್ದೆ. ವೈದ್ಯಶಾಸ್ತ್ರದ ಪ್ರಕಾರ ನನ್ನ ಸಲಹೆ ಸರಿಯೇ. ಆದರೆ ಆಕೆಯ ಪಾಲಿಗೆ ಎರಡೂ ಕಡೆ ಆಗಿದ್ದು ಒಂದೇ. ಯಾರೋ ಒಬ್ಬರು ಹೇಳಿದರು, ಆಕೆ ತಲೆ ಆಡಿಸಿದಳು.

ಆಶಾ ಅಕ್ಕನಿಗೆ ಕೈಮುಗಿದು, ಒಂದೇ ಸಲ ಕರೆದುಕೊಂಡು ಬನ್ನಿ ಅಂದೆ. ಬೆಳಿಗ್ಗೆ ಬೇಡ, ಮಧ್ಯಾಹ್ನ 3 ಗಂಟೆ ಮೇಲೆ ಬನ್ನಿ ಅಂದೆ. ಟಂಟಂ ಹಿಡಿದು ಬಂದರು. ಗಂಡ, ಅತ್ತೆ, ಆಶಾ ಅಕ್ಕ, ಆಕೆ. "ಒಳಗೆ ಯಾರು ಇರಲಿ?" ಅಂತ ಆಕೆಯನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಶಾ ಅಕ್ಕನ ಕೈ ಹಿಡಿದಳು. ಉಳಿದವರು ಹೊರಗೆ ಕೂತರು. ಗಂಡನಿಗೆ ಬೇಜಾರಾಯಿತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವನ ಹತ್ತಿರ ಆಮೇಲೆ ಮಾತಾಡುತ್ತೇನೆ ಅಂತ ಹೇಳಿದೆ.

ಆಕೆಯ ಮನೆಮಾತು ಲಂಬಾಣಿ. ಕನ್ನಡ ಬರುತ್ತದೆ, ಆದರೆ ಒಳಗಿನ ನೋವು ಹೇಳುವಾಗ ಲಂಬಾಣಿಯೇ ಬಾಯಿಗೆ ಬರುತ್ತದೆ. ಆಶಾ ಅಕ್ಕ ಇಲ್ಲದಿದ್ದರೆ ಅರ್ಧ ಮಾತು ನನಗೆ ಸಿಗುತ್ತಲೇ ಇರಲಿಲ್ಲ.

ನಾನು ಮೊದಲು ಕೇಳಿದ್ದು ಒಂದೇ. "ತಂಗಿ, ಈ ರಕ್ತ ಹೋಗೋದರಾಗ ನಿನಗ ಎಲ್ಲಕ್ಕಿಂತ ಜಾಸ್ತಿ ತ್ರಾಸ್ ಕೊಡೋದು ಯಾವುದು?"

ಸುಸ್ತು ಅನ್ನುತ್ತಾಳೆ, ಇಲ್ಲಾ ನೋವು ಅನ್ನುತ್ತಾಳೆ ಅಂದುಕೊಂಡಿದ್ದೆ. ಆಕೆ ಹೇಳಿದ್ದು ಪುಣೆಯ ಮಾತು. ಕಟ್ಟಡದ ಪಕ್ಕ ತಗಡಿನ ಶೆಡ್. ಅಷ್ಟು ಮಂದಿಗೆ ಒಂದೇ ಪಾಯಖಾನೆ, ಅದಕ್ಕೂ ನೀರಿಲ್ಲ. "ರಕ್ತ ಹೋದ್ರ ಹೋಗ್ಲಿ ಬಾಯಾರ, ಬಟ್ಟಿ ಬದಲ್ ಮಾಡ್ಲಿಕ್ಕಿ ಜಾಗ ಇಲ್ಲ. ಕತ್ತಲಾಗೋ ಮಟ ಹಂಗೇ ಇರ್ತೀನಿ. ಇಟ್ಟಿಗಿ ಹೊರುವಾಗ ಸೀರಿಗಿ ಹತ್ತಿದ್ರ ಎಲ್ಲಾರೂ ನೋಡ್ತಾರ." ಮುಟ್ಟಿನ ಮೂರು ದಿನ ಕೆಲಸಕ್ಕೆ ಹೋಗದಿದ್ದರೆ ಮೂರು ದಿನದ ಕೂಲಿ ಇಲ್ಲ. ಮೇಸ್ತ್ರಿಯ ಹತ್ತಿರ ಮುಂಗಡ ಬೇರೆ ತಗೊಂಡಿದ್ದಾರೆ.

ಆಮೇಲೆ ಅಕ್ಕನ ಮಾತು ಬಂತು. ಆಕೆಯ ಸ್ವಂತ ಅಕ್ಕನಿಗೆ 29ನೇ ವಯಸ್ಸಿಗೆ ಚೀಲ ತೆಗೆದಿದ್ದಾರೆ. ಈಗ ಮೈ ಉರಿ, ನಿದ್ದೆ ಇಲ್ಲ, ಎಲುಬು ನೋವು. ಗದ್ದೆ ಕೆಲಸ ಬಿಟ್ಟಿದ್ದಾಳೆ. "ತೆಗಿಸಿದ್ರ ಅಕ್ಕನಂಗ ಆಗ್ತೀನಿ. ತೆಗಿಸ್ಲಿಲ್ಲಂದ್ರ ಕ್ಯಾನ್ಸರ್ ಆಗ್ತದ. ಎರಡೂ ಕಡಿ ಬೆಂಕಿ ಅದ ಬಾಯಾರ."

ಮೊದಲ ದಿನ ನನ್ನ ಫೈಲ್‌ನಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ಓಪಿಡಿ ಚೀಟಿಯ ಹಿಂದೆ ಚಿತ್ರ ಬರೆದೆ. ಗರ್ಭಚೀಲ ಒಂದು ಮುಷ್ಟಿಯಷ್ಟು. ಅದರ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಎರಡು ಪಕ್ಕಕ್ಕೆ ಬಾದಾಮಿಯಷ್ಟು ಎರಡು ಅಂಡಾಶಯ. ಅಕ್ಕನಿಗೆ ಮೈ ಉರಿ ಬಂದಿದ್ದು ಈ ಬಾದಾಮಿಗಳನ್ನೂ ತೆಗೆದಿದ್ದರಿಂದ ಅಂತ ತೋರಿಸಿದೆ. ಎಲುಬನ್ನು, ಗುಂಡಿಗೆಯನ್ನು ಕಾಯುವ ಹಾರ್ಮೋನ್ ಬರುವುದು ಅಲ್ಲಿಂದ. ಚೀಲ ತೆಗೆದರೂ ಅವನ್ನು ಉಳಿಸಬಹುದು. ಆದರೂ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಕೆಲವರಿಗೆ ಒಂದೆರಡು ವರ್ಷ ಮುಂಚೆ ಬರಬಹುದು, ಅದನ್ನೂ ಮುಚ್ಚಿಡಲಿಲ್ಲ. ಆಕೆ ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದಳೆಂದರೆ, ನಾನು ಮಾತು ನಿಲ್ಲಿಸಿಬಿಟ್ಟೆ. ಚೀಲ ಬೇರೆ, ಅಂಡಾಶಯ ಬೇರೆ ಅಂತ ಇಷ್ಟು ವರ್ಷದಲ್ಲಿ ಅವರ ಮನೆಯ ಯಾವ ಹೆಂಗಸಿಗೂ ಯಾರೂ ಹೇಳಿರಲಿಲ್ಲ.

ಕ್ಯಾನ್ಸರ್ ಮಾತಿಗೆ ಬಂದೆ. ಫೈಬ್ರಾಯ್ಡ್ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಆದರೆ ರಕ್ತ ಹೀಗೆ ಹೋಗುವಾಗ ಒಳಪದರದಲ್ಲಿ ಬೇರೆ ಏನಾದರೂ ಇದೆಯಾ ಅಂತ ನೋಡದೆ ಸುಮ್ಮನಿರುವುದೂ ಸರಿಯಲ್ಲ. ಅದಕ್ಕೆ ಸಣ್ಣ ನಳಿಕೆಯಿಂದ ಒಂದು ತುಣುಕು ತೆಗೆದು ಕಲಬುರಗಿಗೆ ಕಳಿಸಬೇಕು. ಹತ್ತು ನಿಮಿಷದ ಕೆಲಸ, ಸ್ವಲ್ಪ ನೋವಾಗುತ್ತದೆ. ಗರ್ಭಕೊರಳಿನ ಪರೀಕ್ಷೆಯನ್ನೂ ಜೊತೆಗೇ ಮಾಡಬಹುದು. "ಅದು ಮೊದಲ್ ಮಾಡ್ರಿ" ಅಂದಳು. ಆಕೆ ತಾನಾಗಿಯೇ ತೆಗೆದುಕೊಂಡ ಮೊದಲ ತೀರ್ಮಾನ ಅದು.

ಇನ್ನು ಚಿಕಿತ್ಸೆಗಳು. ಒಂದೊಂದಕ್ಕೂ ಆಕೆ ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ದಿವಸ ಭಾರ ಎತ್ತಬಾರದು? ಪುಣೆಯಲ್ಲಿ ಏನಾದರೂ ಆದರೆ ಯಾರು ನೋಡುತ್ತಾರೆ? ಡಾಕ್ಟರ್ ಓದಿದ ನನಗೆ ಈ ಎರಡು ಪ್ರಶ್ನೆಗಳ ತೂಕ ಅವತ್ತೇ ಗೊತ್ತಾಗಿದ್ದು.

ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಮುಟ್ಟಿನ ಜೋರು ದಿನಗಳಲ್ಲಿ ಮಾತ್ರ ತಗೊಳ್ಳುವುದು. ರಕ್ತ ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ವಿಶ್ರಾಂತಿ ಬೇಡ. ಬಿಟ್ಟರೆ ಮತ್ತೆ ಮೊದಲಿನ ಹಾಗೆ. ಹಾರ್ಮೋನ್ ವಂಕಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕನಿಷ್ಠ ಐದು ವರ್ಷ ಇರುತ್ತದೆ, ಎದೆಗೆ ಏರುವುದಿಲ್ಲ. ಆದರೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಸ್ವಲ್ಪ ಸ್ವಲ್ಪ ರಕ್ತ ಕಾಣಬಹುದು. ಆಪರೇಷನ್ ಮಾಡಿದರೆ ಮುಟ್ಟು ಪೂರ್ತಿ ನಿಲ್ಲುತ್ತದೆ. ಆದರೆ ಅರಿವಳಿಕೆ, ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಮೂತ್ರಕೋಶಕ್ಕೆ ಗಾಯ ಆಗುವ ಅಪಾಯ ಇದೆ, ಆರರಿಂದ ಎಂಟು ವಾರ ಕೊಡ ಎತ್ತುವ ಹಾಗಿಲ್ಲ. ತೆಗೆದದ್ದನ್ನು ಮತ್ತೆ ಇಡಲು ಬರುವುದಿಲ್ಲ. ಗಡ್ಡೆ ಒಂದನ್ನೇ ತೆಗೆಯುವ ಆಪರೇಷನ್ನೂ ಉಂಟು. ಮತ್ತೆ ಗಡ್ಡೆ ಬರಬಹುದು ಅಂದ ಕೂಡಲೆ ಆಕೆ ಅದನ್ನು ಬೇಡ ಅಂದಳು. ಏನೂ ಮಾಡದೆ ಕಾಯುವುದೂ ಒಂದು ದಾರಿ. ಮುಟ್ಟು ನಿಂತ ಮೇಲೆ ಗಡ್ಡೆ ತಾನೇ ಕುಗ್ಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46, 47ಕ್ಕೆ. ಆಕೆ ಬೆರಳು ಮಡಚಿ ಎಣಿಸಿದಳು. ಏಳು ವರ್ಷ.

ಎಲ್ಲ ಹೇಳಿದ ಮೇಲೆ, "ಈಗ ನೀನು ಆಶಾ ಅಕ್ಕನಿಗೆ ನಿಮ್ಮ ಮಾತಲ್ಲಿ ಹೇಳು ನೋಡೋಣ" ಅಂದೆ. ಹೇಳಿದಳು. ಒಂದು ಕಡೆ ಎಡವಿದ್ದಳು. ಮಾತ್ರೆ ತಿಂದರೆ ಗಡ್ಡೆ ಒಣಗುತ್ತದೆ ಅಂದುಕೊಂಡಿದ್ದಳು. ಅದು ನಾನು ಸರಿಯಾಗಿ ಹೇಳದ ತಪ್ಪು, ಮತ್ತೆ ಹೇಳಿದೆ. ಹೀಗೆ ತಿರುಗಿ ಹೇಳಿಸದೆ ಇದ್ದಿದ್ದರೆ ಆಕೆ ಆರು ತಿಂಗಳು ಗಡ್ಡೆ ಒಣಗಲಿ ಅಂತ ಮಾತ್ರೆ ನುಂಗುತ್ತಿದ್ದಳು, ಅಲ್ವಾ.

ಆಕೆ ಆರಿಸಿದ್ದು ಮಾತ್ರೆ. ಮೊದಲು ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳುವುದು, ತುಣುಕಿನ ರಿಪೋರ್ಟ್ ನೋಡುವುದು, ತೊಗರಿ ರಾಶಿ ಮಾಡುವುದು, ಮುಂಗಡ ತೀರಿಸಲು ಪುಣೆಗೆ ಹೋಗಿಬರುವುದು. ಆಪರೇಷನ್ ಬೇಕೋ ಬೇಡವೋ ಯುಗಾದಿ ಆದ ಮೇಲೆ.

ವಂಕಿಯೇ ಒಳ್ಳೆಯದು ಅಂತ ನನಗೆ ಅವತ್ತೂ ಅನ್ನಿಸಿತ್ತು. "ನನ್ನ ತಂಗಿ ಆಗಿದ್ದರೆ ವಂಕಿ ಹಾಕಿಸ್ಕೋ ಅಂತಿದ್ದೆ" ಅಂತ ಒಂದು ಸಲ ಹೇಳಿದೆ. ವೈದ್ಯರು ತಮ್ಮ ಅಭಿಪ್ರಾಯ ನುಂಗಿಕೊಂಡು "ನಿಮ್ಮಿಷ್ಟ" ಅಂದುಬಿಡುವುದು ರೋಗಿಯನ್ನು ನಡುನೀರಲ್ಲಿ ಕೈಬಿಟ್ಟ ಹಾಗೆ. ಅದಕ್ಕೇ ಹೇಳಿದೆ. ಆಕೆ ನಕ್ಕಳು. "ನಿಮ್ಮ ತಂಗಿ ಪುಣೆಕ ಹೋಗಂಗಿಲ್ಲಲ್ರಿ" ಅಂದಳು. ಆರು ತಿಂಗಳು ಯಾವಾಗ ರಕ್ತ ಕಾಣುತ್ತದೋ ಗೊತ್ತಿಲ್ಲದೆ ಆ ಶೆಡ್‌ನಲ್ಲಿ ಇರುವುದು ಆಕೆಗೆ ಬೇಡವಾಗಿತ್ತು. ಒಳಗೆ ಒಂದು ವಸ್ತು ಇದೆ, ನೋಡುವವರು ಯಾರೂ ಇಲ್ಲ ಅನ್ನುವ ಭಯವೂ ಹೋಗಿರಲಿಲ್ಲ. ನಾನು ಎರಡನೇ ಸಲ ಒತ್ತಾಯ ಮಾಡಲಿಲ್ಲ.

ಆಮೇಲೆ ಗಂಡನನ್ನು, ಅತ್ತೆಯನ್ನು ಒಳಗೆ ಕರೆದೆವು. ಅವನನ್ನು ಕೆಟ್ಟವನು ಅಂತ ನಾನು ಮೊದಲ ದಿನವೇ ಮನಸ್ಸಲ್ಲಿ ಬರೆದುಕೊಂಡಿದ್ದೆ. ಅವನು ಕೂತ ಕೂಡಲೆ ಕೇಳಿದ್ದು, "ಸಾಯಂಗಿಲ್ಲಲ್ರಿ ಅಕಿ?" ಅವನ ಚಿಕ್ಕಮ್ಮ ಹೆರಿಗೆಯಲ್ಲಿ ರಕ್ತ ಹೋಗಿಯೇ ಸತ್ತಿದ್ದಳಂತೆ. ಸಹಿ ಎಲ್ಲಿ ಅಂತ ಅವಸರ ಮಾಡಿದ್ದು ಆ ಹೆದರಿಕೆಗೆ. ಆಕೆ ತಾನೇ ಚಿತ್ರ ತೋರಿಸಿ ಅವನಿಗೆ ಎಲ್ಲ ಹೇಳಿದಳು. ಒತ್ತೆ ಇಟ್ಟ ದುಡ್ಡಿನಿಂದ ಕಡಗ ಬಿಡಿಸಿಕೊಂಡರು.

ಎರಡು ವಾರದಲ್ಲಿ ಐರನ್ ಸುಕ್ರೋಸ್ ಇಂಜೆಕ್ಷನ್ ಐದು ಸಲ, ಒಂದು ಸಲಕ್ಕೆ 200 ಮಿ.ಗ್ರಾಂ. ಥೈರಾಯ್ಡ್ ಸರಿ ಇತ್ತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಹಿಂದಿನ ಕಾಯಿಲೆ ಇರಲಿಲ್ಲ, ಹಾಗಾಗಿ ಮಾತ್ರೆಗೆ ತೊಂದರೆ ಇಲ್ಲ. ತುಣುಕಿನ ರಿಪೋರ್ಟ್ ಬಂತು, ಕ್ಯಾನ್ಸರ್ ಇಲ್ಲ. ಡಿಸೆಂಬರ್‌ನಲ್ಲಿ ತೊಗರಿ ಕೊಯ್ಲಿಗೆ ಮುಂಚೆ ಹಿಮೋಗ್ಲೋಬಿನ್ 9.8. ಪುಣೆಗೆ ಹೋಗುವಾಗ ಮೂರು ತಿಂಗಳ ಮಾತ್ರೆ ಕಟ್ಟಿಕೊಟ್ಟೆ. ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಅಂತ ಒಂದು ಚೀಟಿ ಬರೆದುಕೊಟ್ಟೆ, ಕನ್ನಡದಲ್ಲಿ ಒಂದು, ಅಲ್ಲಿಯ ವೈದ್ಯರಿಗೆ ಇಂಗ್ಲಿಷಿನಲ್ಲಿ ಒಂದು.

ಯುಗಾದಿ ಆಗಿ ನಾಲ್ಕನೇ ದಿನ ಬಂದಳು. ಗಂಡನ ಜೊತೆ ಬಂದರೂ ಅವನಿಗಿಂತ ಮುಂದೆ ನಡೆದು ಒಳಗೆ ಬಂದಳು. ಹಿಮೋಗ್ಲೋಬಿನ್ 10.9. ರಕ್ತ ಕಡಿಮೆಯಾಗಿತ್ತು, ಆದರೆ ಎರಡು ದಿನ ಇನ್ನೂ ಜೋರು. ಮಾತ್ರೆ ಮುಂದುವರಿಸಬಹುದು, ವಂಕಿ ಇದೆ, ಹಾರ್ಮೋನ್ ಮಾತ್ರೆಗಳೂ ಇವೆ ಅಂತ ಶುರು ಮಾಡಿದೆ. ಆಕೆ ಕೈ ಎತ್ತಿ ತಡೆದಳು.

"ಚೀಲ ತೆಗಿರಿ ಬಾಯಾರ. ಆ ಎರಡು ಬಾದಾಮಿ ಬಿಡ್ರಿ. ಇನ್ನ ಏಳು ವರ್ಷ ಗುಳಿಗಿ ಎಣಿಸ್ಕೋತ ತಿರಗಲಿಕ್ಕಿ ನನಗಾಗಂಗಿಲ್ಲ. ಈಗ ಮಾಡಿದ್ರ ಎರಡು ತಿಂಗಳ ಕೆಲಸ ಇಲ್ಲ. ಮಿರಗ ಮಳಿಗಿ ನಾ ಎದ್ದಿರಬೇಕು."

ಮಿರಗ ಅಂದರೆ ಮೃಗಶಿರಾ ಮಳೆ, ಜೂನ್‌ನ ಬಿತ್ತನೆ ಮಳೆ. ಪುಣೆಯಲ್ಲಿ ಮೂರು ತಿಂಗಳು ಯೋಚನೆ ಮಾಡಿದ್ದಳು. ಓರಗಿತ್ತಿಗೆ ನೀರು ತರಲು ಹೇಳಿಟ್ಟಿದ್ದಳು. ದೊಡ್ಡ ಮಗಳು ಹದಿನೈದು ದಿನ ತವರಿಗೆ ಬರುವುದು ಅಂತಲೂ ಗೊತ್ತಾಗಿತ್ತು.

ನನಗೆ ಕಷ್ಟವಾಯಿತು. ಈ ಜಿಲ್ಲೆಯಲ್ಲಿ 39 ವರ್ಷದ ತಾಂಡಾ ಹೆಣ್ಣುಮಗಳ ಗರ್ಭಚೀಲ ತೆಗೆಯುವುದು ಅಂದರೆ ನನ್ನ ಕೈ ಹಿಂದೆಗೆಯುತ್ತದೆ. ವಂಕಿಯ ಮಾತು ಇನ್ನೊಂದು ಸಲ ಎತ್ತಿದೆ, ಹೌದು. ಈ ಸಲ ಎದೆಗೆ ಏರುತ್ತದೆ ಅಂತ ಆಕೆ ಹೇಳಲಿಲ್ಲ. "ತಿಳಿದದ ಬಾಯಾರ. ಒಳ್ಳೇದೇ ಅದ. ನನಗ ಬ್ಯಾಡ" ಅಂದಳು. ತಿಳಿದು ಬೇಡ ಅನ್ನುವವರ ಮುಂದೆ ವೈದ್ಯರು ಇನ್ನೇನು ಹೇಳಬೇಕು? ಔಷಧಿ ಪ್ರಯತ್ನಿಸಿ ಆಗಿದೆ, ಕ್ಯಾನ್ಸರ್ ಇಲ್ಲ ಅಂತ ನೋಡಿ ಆಗಿದೆ, ಗಡ್ಡೆ ಇದೆ, ತೊಂದರೆ ಇದೆ. ಶಸ್ತ್ರಚಿಕಿತ್ಸೆಗೆ ವೈದ್ಯಕೀಯ ಕಾರಣ ಇತ್ತು. ಅಡ್ಡ ಇದ್ದದ್ದು ನನ್ನ ಅಳುಕು ಮಾತ್ರ. ಆ ಅಳುಕಿನ ಬೆಲೆಯನ್ನು ಆಕೆ ಏಳು ವರ್ಷ ಯಾಕೆ ತೆರಬೇಕು?

ಹಾಗಾದರೆ ಸೆಪ್ಟೆಂಬರ್‌ನಲ್ಲೇ ಮಾಡಿದ್ದರೆ ಆಗುತ್ತಿರಲಿಲ್ಲವಾ ಅಂತ ನಮ್ಮ ಕಿರಿಯ ವೈದ್ಯೆ ಕೇಳಿದಳು. ಆಗಿದ್ದರೆ 7.1 ರಕ್ತದಲ್ಲಿ ಆಗುತ್ತಿತ್ತು. ಒಳಗೆ ಏನಿದೆ ಅಂತ ನೋಡದೆ, ಅಂಡಾಶಯವನ್ನೂ ಸೇರಿಸಿ, ಸಾಲದ ದುಡ್ಡಿನಲ್ಲಿ ಆಗುತ್ತಿತ್ತು. ರಾಶಿ ಹೊತ್ತಿಗೆ ಭಾರ ಎತ್ತಿ ಹೊಲಿಗೆ ಬಿಡುವ ಭಯ ಬೇರೆ. ಮುಖ್ಯವಾಗಿ, ಯಾಕೆ ಮಾಡಿಸಿಕೊಂಡೆ ಅಂತ ಕೇಳಿದರೆ ಆಕೆಯ ಹತ್ತಿರ "ಡಾಕ್ಟರು ಹೇಳಿದರು" ಅನ್ನುವುದು ಬಿಟ್ಟು ಬೇರೆ ಉತ್ತರ ಇರುತ್ತಿರಲಿಲ್ಲ.

ಒಪ್ಪಿಗೆ ಪತ್ರದ ದಿನ. ಗಂಡ ರೂಢಿಯಂತೆ ಪೆನ್ನು ತಗೊಂಡ. ಇದು ಆಕೆಯ ಸಹಿಯಿಂದಲೇ ಆಗಬೇಕು ಅಂದೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ಮನೆಯವರು ಒಪ್ಪಿಗೆ ಕೊಟ್ಟರೆ ಸಾಲದು ಅಂತ ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ತೀರ್ಪಿನಲ್ಲೇ ಹೇಳಿದೆ. ಅದೂ ಗರ್ಭಚೀಲದ್ದೇ ಪ್ರಕರಣ. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ಹೆಂಗಸಿನ ಗರ್ಭಚೀಲ, ಅಂಡಾಶಯ ಎರಡನ್ನೂ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಚಿಕಿತ್ಸೆಯ ಲಾಭ, ಅಪಾಯ, ಬೇರೆ ದಾರಿ, ಬೇಡ ಅಂದರೆ ಏನಾಗುತ್ತದೆ, ಇಷ್ಟನ್ನೂ ಮೊದಲೇ ತಿಳಿಸಬೇಕು ಅಂತ ಕೋರ್ಟ್ ಹೇಳಿತು.

ಆಕೆಗೆ ಹೆಸರು ಬರೆಯಲು ಮಾತ್ರ ಬರುತ್ತದೆ. ಆಶಾ ಅಕ್ಕ ಒಂದೊಂದು ಸಾಲು ಓದಿ ಲಂಬಾಣಿಯಲ್ಲಿ ಹೇಳಿದರು. "ಅಗತ್ಯವೆನಿಸಿದ ಇತರ ಶಸ್ತ್ರಚಿಕಿತ್ಸೆಗೂ ಒಪ್ಪಿಗೆ ಇದೆ" ಅನ್ನುವ ಅಚ್ಚಾದ ಸಾಲು ಬಂದಾಗ ಆಕೆ ನಿಲ್ಲಿಸಿದಳು. "ಇದರಾಗ ಬಾದಾಮಿ ಬರ್ತಾವೇನು?" ಅಂತ ಕೇಳಿದಳು. ಇಷ್ಟು ವರ್ಷದಲ್ಲಿ ಆ ಸಾಲಿನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅದನ್ನು ಹೊಡೆದು ಹಾಕಿ ಕೈಯಲ್ಲಿ ಬರೆದೆ: ಅಂಡಾಶಯ ಉಳಿಸಬೇಕು. ತೆಗೆಯದಿದ್ದರೆ ಜೀವಕ್ಕೆ ಅಪಾಯ ಅನ್ನುವಂಥ ಸಂದರ್ಭ ಬಂದರೆ ಮಾತ್ರ ತೆಗೆಯಬಹುದು. ಮತ್ತೆ ಓದಿಸಿದಳು. ಆಮೇಲೆ ನಿಧಾನವಾಗಿ ಹೆಸರು ಬರೆದಳು.

ಏಪ್ರಿಲ್ ಎರಡನೇ ವಾರ ಶಸ್ತ್ರಚಿಕಿತ್ಸೆ ಆಯಿತು. ಒಂದು ಬಾಟಲಿ ರಕ್ತ ಕಾದಿರಿಸಿದ್ದೆವು, ಬೇಕಾಗಲಿಲ್ಲ. ಅಂಡಾಶಯ ಎರಡೂ ಚೆನ್ನಾಗಿದ್ದವು, ಉಳಿಸಿದೆ. ಎಚ್ಚರ ಬಂದ ಮೇಲೆ ಆಕೆ ಕೇಳಿದ ಮೊದಲ ಮಾತೂ ಅದೇ. ಐದನೇ ದಿನ ಗಾಯದ ಒಂದು ತುದಿಯಲ್ಲಿ ಸ್ವಲ್ಪ ಕೀವು ಬಂತು, ಒಂದು ವಾರ ಡ್ರೆಸ್ಸಿಂಗ್ ಮಾಡಬೇಕಾಯಿತು. ಹೀಗೂ ಆಗಬಹುದು ಅಂತ ಮೊದಲೇ ಹೇಳಿದ್ದರಿಂದ ಮನೆಯವರು ಗಾಬರಿಯಾಗಲಿಲ್ಲ.

ಆರು ವಾರ ಆದ ಮೇಲೆ ಬಂದಾಗ ಗಾಯ ಮಾಗಿತ್ತು, ಹಿಮೋಗ್ಲೋಬಿನ್ 11.4. ಮೈ ಉರಿ, ನಿದ್ದೆಯ ತೊಂದರೆ ಏನಾದರೂ ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಮುಂದೆ ಬಂದರೆ ಬಾ, ಔಷಧಿ ಇದೆ ಅಂದೆ. ವರ್ಷಕ್ಕೊಂದು ಸಲ ತೋರಿಸಲು ಹೇಳಿದೆ. ಹೊರಗೆ ಮೋಡ ಕವಿದಿತ್ತು. ಬಿತ್ತನೆ ಬೀಜದ ಚೀಲ ಎತ್ತಬಹುದಾ ಅಂತ ಕೇಳಿದಳು. ಇನ್ನೂ ಎರಡು ವಾರ ಬೇಡ, ಕೂರಿಗೆ ಹಿಂದೆ ನಡೆದು ಬೀಜ ಬಿಡಬಹುದು ಅಂದೆ. "ಎತ್ತೋದು ಅವ ಎತ್ತತಾನ" ಅಂತ ಗಂಡನ ಕಡೆ ನೋಡಿದಳು. ಅವನು ಆಗಲೇ ಟಂಟಂ ನಿಲ್ಲಿಸಲು ಗೇಟಿನ ಹತ್ತಿರ ಹೋಗಿದ್ದ.